ಸ್ವರದ ಜಾಗದಲ್ಲಿ ಕೂತ ಅಕ್ಷರ

(ಪಾಶ್ಚಾತ್ಯ ಸಂಗೀತದ ಡಿಜಿಟಲ್ ಸ್ವರಲಿಪಿಗಳನ್ನು ಉಳಿಸಿಕೊಳ್ಳುವ ಬಗ್ಗೆ, ಸಂಯೋಜಕರು, ಪ್ರಕಾಶಕರು, ವಾದಕರು, ಗ್ರಂಥಪಾಲಕರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ತಡವರಿಸಿದ್ದನ್ನು ತೆಗೆದಿದ್ದೇನೆ. ಕೊನೆಗೆ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಪರದೆಯ ಮೇಲಿರುವ ಈ ಪುಟವನ್ನು ಒಂದು ನಿಮಿಷ ಸುಮ್ಮನೆ ನೋಡಿ. ಐದು ಗೆರೆಗಳ ಸಾಲುಗಳು ನೆಟ್ಟಗಿವೆ. ಸ್ವರಗಳ ಕಡ್ಡಿಗಳು, ಕಡ್ಡಿಗಳನ್ನು ಜೋಡಿಸುವ ದಪ್ಪ ಪಟ್ಟಿಗಳು, ಮೇಲೆ ಬಾಗಿದ ಕಮಾನುಗಳು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಆದರೆ ಪ್ರತಿ ಸಾಲಿನ ಆರಂಭದಲ್ಲಿ, ಯಾವ ಗೆರೆ ಯಾವ ಸ್ವರ ಎಂದು ಹೇಳುವ ಬೇಸ್ ಕ್ಲೆಫ್ ಎಂಬ ಗುರುತು ಇರಬೇಕಾದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತಿದೆ. ಕಡ್ಡಿಯ ತುದಿಯಲ್ಲಿ ಕಪ್ಪು ಗುಂಡು ಇರಬೇಕಾದ ಕಡೆ ಫ್ರೆಂಚರು ಬಳಸುವ, ಓ ಮತ್ತು ಇ ಅಂಟಿಕೊಂಡ ಅಕ್ಷರ. ನಾಲ್ಕು ಎಣಿಕೆಯ ಉದ್ದನೆಯ ಸ್ವರಕ್ಕೆ ಬದಲಾಗಿ ಡಬ್ಲ್ಯು. ಒಟ್ಟಿನಲ್ಲಿ, ಸಾಲು ಸಾಲಿಗೂ ಪ್ರಶ್ನೆ ಕೇಳುತ್ತಿರುವ ಹಾಳೆ.

ಇದು ಒಂಟಿ ಚೆಲ್ಲೊ ವಾದ್ಯಕ್ಕಾಗಿ ಬರೆದ ಪುಟ್ಟ ಕೃತಿ. ಯಾರದೆಂದು ಹೇಳುವುದಿಲ್ಲ, ಅವರ ತಪ್ಪೂ ಇದರಲ್ಲಿ ಹೆಚ್ಚಿಲ್ಲ. ಪಿಡಿಎಫ್ ಆಗಿ ಪ್ರಕಟವಾಯಿತು, ಒಂದಷ್ಟು ಜನ ಕೊಂಡರು, ನುಡಿಸಿದರು. ವರ್ಷಗಳ ನಂತರ ಒಬ್ಬ ವಾದಕಿ ನಮ್ಮ ಸಂಗ್ರಹದಿಂದ ಅದನ್ನು ಕೇಳಿದಾಗ ತೆರೆದು ನೋಡಿದರೆ ಕಂಡದ್ದು ಇದು. ಫೈಲ್ ಕೆಟ್ಟಿರಲಿಲ್ಲ. ನಾವು ಪಡೆದ ದಿನ ಲೆಕ್ಕ ಹಾಕಿಟ್ಟಿದ್ದ, ಫೈಲ್ ಒಂದಿಷ್ಟು ಬದಲಾದರೂ ತಾನೂ ಬದಲಾಗುವ ಚೆಕ್‌ಸಮ್ ಒಂದಂಕಿಯೂ ಬದಲಾಗದೆ ಹಾಗೇ ಬಂತು. ಅಂದರೆ ಫೈಲನ್ನು ನಾವು ಚೆನ್ನಾಗಿಯೇ ಕಾಪಾಡಿದ್ದೆವು. ಸಂಗೀತವನ್ನು ಕಾಪಾಡಿರಲಿಲ್ಲ.

ಏನಾಗಿತ್ತೆಂದು ಹೇಳುತ್ತೇನೆ. 1980ರ ದಶಕದಲ್ಲಿ ಅಡೋಬಿ ಸಂಸ್ಥೆ ಸೊನಾಟಾ ಎಂಬ ಫಾಂಟ್ ಹೊರತಂದಿತು. ಅದನ್ನು ರೂಪಿಸಿದವರು ಕ್ಲಿಯೊ ಹಗಿನ್ಸ್. ಆಗಿನ ಫಾಂಟ್‌ಗಳಲ್ಲಿ ಸಂಗೀತದ ಚಿಹ್ನೆಗಳಿಗೆಂದೇ ಜಾಗ ಇರಲಿಲ್ಲ. ಹಾಗಾಗಿ ಕೀಲಿಮಣೆಯಲ್ಲಿ ಇದ್ದ ಅಕ್ಷರಗಳ ಮನೆಗಳಿಗೇ ಸಂಗೀತದ ಚಿಹ್ನೆಗಳನ್ನು ಬಾಡಿಗೆಗೆ ಬಿಟ್ಟರು. ಟ್ರೆಬಲ್ ಕ್ಲೆಫ್ ನೋಡಲು & ಚಿಹ್ನೆಯಂತೆ ಇರುವುದರಿಂದ ಅದರ ಮನೆಗೆ; ಬೇಸ್ ಕ್ಲೆಫ್ ಪ್ರಶ್ನಾರ್ಥಕದ ಮನೆಗೆ. ನೆನಪಿಟ್ಟುಕೊಳ್ಳಲು ಸುಲಭವಾದ, ಜಾಣತನದ ಏರ್ಪಾಡು. ಮುಂದೆ ಬಂದ ಪೆಟ್ರುಚ್ಚಿ, ಮಾಯೆಸ್ಟ್ರೊ ಮುಂತಾದ ಫಾಂಟ್‌ಗಳು ಇದೇ ದಾರಿ ಹಿಡಿದವು, ನಡುನಡುವೆ ತಮಗೆ ತೋಚಿದಂತೆ ಮನೆ ಬದಲಾಯಿಸಿಕೊಂಡವು. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇರುವವರೆಗೆ ಎಲ್ಲವೂ ಸರಿ. ನಮ್ಮ ಚೆಲ್ಲೊ ಕೃತಿಯ ಪಿಡಿಎಫ್ ಮಾಡುವಾಗ ಫಾಂಟನ್ನು ಅದರೊಳಗೆ ಸೇರಿಸಿರಲಿಲ್ಲ. ಬಾಡಿಗೆದಾರ ಮನೆ ಖಾಲಿ ಮಾಡಿದ, ಹಳೆಯ ಯಜಮಾನ ಬಂದು ಕೂತ. ಗೆರೆ, ಕಡ್ಡಿ, ಕಮಾನುಗಳು ಫಾಂಟಿನಿಂದ ಬಂದವಲ್ಲ, ರೇಖಾಚಿತ್ರಗಳು. ಅವು ಉಳಿದವು.

2013ರಲ್ಲಿ ಸ್ಟೈನ್‌ಬರ್ಗ್ ಸಂಸ್ಥೆಯ ಡ್ಯಾನಿಯಲ್ ಸ್ಪ್ರೆಡ್‌ಬರಿ ಮತ್ತು ಅವರ ಸಂಗಡಿಗರು ಸ್ಮಫಲ್ ಎಂಬ ಮಾನಕವನ್ನು ಮುಂದಿಟ್ಟ ಮೇಲೆ ಈ ಬಾಡಿಗೆ ಮನೆಗಳ ಗೊಂದಲ ಹೊಸ ಫಾಂಟ್‌ಗಳ ಮಟ್ಟಿಗೆ ತೀರಿತು. ಅಲ್ಲಿ ಪ್ರತಿ ಚಿಹ್ನೆಗೂ, ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನ ಖಾಸಗಿ ವಲಯದಲ್ಲಿ ಗೊತ್ತಾದ ಸಂಖ್ಯೆಯಿದೆ. ಆದರೆ 2013ಕ್ಕಿಂತ ಹಿಂದೆ ಪ್ರಕಟವಾದವು ಹಿಂದೆಯೇ ಉಳಿದಿವೆ, ನಾನು ಹೆಚ್ಚಾಗಿ ಹೆಣಗುವುದು ಅವುಗಳ ಜೊತೆ. ಆ ಕಾಲದ ಬಹಳಷ್ಟು ಸಂಗೀತ ಫಾಂಟ್‌ಗಳು ಟೈಪ್ 1 ಎಂಬ ಬಗೆಯವು. 2023ರ ಜನವರಿಯಲ್ಲಿ ಅಡೋಬಿ ತನ್ನ ವಿನ್ಯಾಸ ತಂತ್ರಾಂಶಗಳಲ್ಲಿ ಅದಕ್ಕೂ ಬಾಗಿಲು ಹಾಕಿತು.

ಈ ಪುಟದಲ್ಲಿ ಇನ್ನೊಂದು ಅಕ್ಷರವಿದೆ. ನಾಲ್ಕನೆಯ ಸಾಲಿನಲ್ಲಿ ಕೆಲವು ಸ್ವರಗಳ ತಲೆಯ ಮೇಲೆ ಪುಟ್ಟದಾಗಿ ಇಂಗ್ಲಿಷಿನ ‘ಕೆ’. ಮಿಕ್ಕ ಎಲ್ಲ ಅಕ್ಷರಗಳಿಗೂ ಹಳೆಯ ಫಾಂಟಿನ ಕೋಷ್ಟಕದಲ್ಲಿ ಉತ್ತರ ಸಿಕ್ಕಿತು. ಈ ‘ಕೆ’ಗೆ ಸಿಗಲಿಲ್ಲ. ಅದು ಸದ್ಯ ಹಾಗೇ ಇರಲಿ.

ಸ್ವರಲಿಪಿಯ ಹಾಳೆಗಳನ್ನು ಉಳಿಸುವ ವಿಚಾರ ಬಂದಾಗಲೆಲ್ಲ ಯಾರಾದರೊಬ್ಬರು ಕಾಗದವನ್ನು ಹೊಗಳುತ್ತಾರೆ. ಒಟ್ಟಾವಿಯಾನೊ ಪೆಟ್ರುಚ್ಚಿ 1501ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿದ ಸಂಗೀತವನ್ನು ಇವತ್ತೂ ತೆರೆದು ಹಾಡಬಹುದು ಎನ್ನುತ್ತಾರೆ. ನಿಜ. ಆದರೆ ಕಾಗದವೂ ಅಷ್ಟೇನೂ ಸಾಧು ಪ್ರಾಣಿಯಲ್ಲ. ಆ ಕಾಲದಲ್ಲಿ ನಾಲ್ಕೈದು ದನಿಗಳ ಹಾಡನ್ನು ಎಷ್ಟೋ ಸಲ ಒಂದೇ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಒಂದೊಂದು ದನಿಗೆ ಒಂದೊಂದು ಪುಸ್ತಕ ಮಾಡುತ್ತಿದ್ದರು. ಕೇಂಬ್ರಿಜ್‌ನ ಕಾಲೇಜಾದ ಪೀಟರ್‌ಹೌಸ್‌ನಲ್ಲಿ 1540ರ ಸುಮಾರಿನ ಅಂಥ ಐದು ಕೈಬರಹದ ಪುಸ್ತಕಗಳ ಒಂದು ಕಂತೆಯಿತ್ತು. ಅದರಲ್ಲಿ ಟೆನರ್ ದನಿಯ ಪುಸ್ತಕ ಕಳೆದುಹೋಗಿದೆ, ಟ್ರೆಬಲ್ ದನಿಯ ಪುಸ್ತಕದ ಕೆಲವು ಹಾಳೆಗಳೂ ಇಲ್ಲ. ಬೇರೆಲ್ಲೂ ಪ್ರತಿ ಸಿಗದ ಹಾಡುಗಳಲ್ಲಿ ಆ ದನಿಯನ್ನು ವಿದ್ವಾಂಸರು ಊಹಿಸಿ ಬರೆದಿದ್ದಾರೆ. ಅಂದರೆ ಇವತ್ತು ಆ ಹಾಡು ಕೇಳುವಾಗ ಐದರಲ್ಲಿ ಒಂದು ದನಿ ನಾಲ್ಕು ಶತಮಾನಗಳ ನಂತರದವರು ಬರೆದದ್ದು.

ಈ ಹಳೆಯ ಕತೆಯನ್ನು ತಂದದ್ದು ಸುಮ್ಮನೆ ಅಲ್ಲ. ಅದೇ ತಪ್ಪನ್ನು ನಾವು ಡಿಜಿಟಲ್ ಆಗಿ ಮತ್ತೆ ಮಾಡುತ್ತಿದ್ದೇವೆ. ಒಂದು ವಾದ್ಯವೃಂದದ ಕೃತಿ ಪ್ರಕಟವಾಯಿತು ಎಂದರೆ ಬರುವುದು ಒಂದು ಫೈಲ್ ಅಲ್ಲ. ನಿರ್ದೇಶಕರಿಗೆ ಎಲ್ಲ ವಾದ್ಯಗಳೂ ಇರುವ ಸ್ಕೋರ್ ಒಂದು, ಪ್ರತಿ ವಾದ್ಯಕ್ಕೂ ಅದರದೇ ಪಾರ್ಟ್, ಚಿಹ್ನೆಗಳ ವಿವರಣೆಯ ಒಂದು ಪುಟ, ಕೆಲವೊಮ್ಮೆ ಒಂದು ಧ್ವನಿ ಫೈಲ್. ಗ್ರಂಥಾಲಯಕ್ಕೆ ಬಂದು ಸೇರುವುದು ಹೆಚ್ಚಾಗಿ ಸ್ಕೋರ್ ಮಾತ್ರ. ‘ಕೃತಿ ನಿಮ್ಮ ಬಳಿ ಇದೆಯಲ್ಲ’ ಎಂದು ಪ್ರಕಾಶಕರು ಹೇಳುತ್ತಾರೆ. ಇದೆ, ಓದುವುದಕ್ಕೆ. ಮೂವತ್ತು ಜನ ಕೂತು ನುಡಿಸುವುದಕ್ಕಿಲ್ಲ. ಬಾಡಿಗೆಗೆ ಮಾತ್ರ ಕೊಡುವ ಪಾರ್ಟ್‌ಗಳ ಕತೆ ಇನ್ನೂ ಕಷ್ಟ. ಅವು ಮಾರಾಟಕ್ಕೇ ಬರುವುದಿಲ್ಲ, ಹಾಗಾಗಿ ಪ್ರಕಾಶಕರ ಸರ್ವರಿನ ಹೊರಗೆ ಅವಕ್ಕೆ ಅಸ್ತಿತ್ವವೇ ಇರುವುದಿಲ್ಲ.

ಈಗ ಮೂಲ ಫೈಲುಗಳಿಗೆ ಬರುತ್ತೇನೆ. ಇಲ್ಲಿರುವ ಸಂಯೋಜಕರಲ್ಲಿ ಹಲವರು ಫಿನಾಲೆ ಬಳಸಿದವರು ಎಂದು ಗೊತ್ತು, ಹಾಗಾಗಿ ಸ್ವಲ್ಪ ಮೆತ್ತಗೆ ಮಾತಾಡುತ್ತೇನೆ. 1988ರಲ್ಲಿ ಬಂದ, ಸ್ವರಲಿಪಿ ಬರೆಯುವ ತಂತ್ರಾಂಶ ಅದು. 2024ರ ಆಗಸ್ಟ್ 26ರಂದು ಅದನ್ನು ನಡೆಸುತ್ತಿದ್ದ ಮೇಕ್‌ಮ್ಯೂಸಿಕ್ ಸಂಸ್ಥೆ ಇನ್ನು ಮುಂದೆ ಇದರ ಅಭಿವೃದ್ಧಿ ಇಲ್ಲ ಎಂದು ಪ್ರಕಟಿಸಿತು. ಒಂದು ವರ್ಷದ ನಂತರ ಹೊಸ ಕಂಪ್ಯೂಟರುಗಳಲ್ಲಿ ಅದಕ್ಕೆ ಪರವಾನಗಿ ಚಾಲೂ ಮಾಡಿಕೊಡುವುದಿಲ್ಲ ಎಂಬ ಮಾತೂ ಮೊದಲು ಬಂತು; ಬಳಕೆದಾರರು ಗದ್ದಲ ಎಬ್ಬಿಸಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಮೂವತ್ತೈದು ವರ್ಷ ದುಡಿದ ತಂತ್ರಾಂಶ ನಿಂತಿತು ಎಂದು ನಾನು ಆ ಸಂಸ್ಥೆಯನ್ನು ಬೈಯುವುದಿಲ್ಲ. ಯಾವ ಅಂಗಡಿಯೂ ಶಾಶ್ವತವಲ್ಲ. ನನ್ನ ಚಿಂತೆ ಬೇರೆ. ಆ ಮೂವತ್ತೈದು ವರ್ಷ ಜನ ಬರೆದ ಸಂಗೀತವೆಲ್ಲ ಯಾವ ರೂಪದಲ್ಲಿ ಕೂತಿದೆ?

ಹಳೆಯ ಫಿನಾಲೆ ಫೈಲೊಂದನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಮೊದಲಿಗೆ ಓದಲು ಬರುವ ಮೂರು ಇಂಗ್ಲಿಷ್ ಪದಗಳಿರುತ್ತವೆ: ‘ಎನಿಗ್ಮಾ ಬೈನರಿ ಫೈಲ್’. ಎನಿಗ್ಮಾ ಎಂಬುದು ಅದರ ಒಳಗಿನ ರಚನೆಗೆ ಅವರಿಟ್ಟ ಹೆಸರು. ಒಗಟು ಎಂದೇ ಅದರ ಅರ್ಥ. ಇಷ್ಟು ಪ್ರಾಮಾಣಿಕವಾಗಿ ಹೆಸರಿಟ್ಟ ಬೇರೊಂದು ಫೈಲನ್ನು ನಾನು ಕಂಡಿಲ್ಲ. ಆ ಮೂರು ಪದಗಳಾದ ಮೇಲೆ ಬರುವುದೆಲ್ಲ ಮನುಷ್ಯರ ಕಣ್ಣಿಗೆ ಕಸ.

ಅದರ ಹೆಸರಿನ ಬಾಲ ‘ಎಂ-ಯು-ಎಸ್’. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲೆಲ್ಯಾಂಡ್ ಸ್ಮಿತ್ ರೂಪಿಸಿದ ‘ಸ್ಕೋರ್’ ಎಂಬ ತಂತ್ರಾಂಶದ ಫೈಲುಗಳಿಗೂ ಅದೇ ಬಾಲ. ಡಾಸ್ ಎಂಬ ಹಳೆಯ ಕಂಪ್ಯೂಟರ್ ವ್ಯವಸ್ಥೆಯ ಮೇಲೆ ಓಡುತ್ತಿದ್ದ ಆ ತಂತ್ರಾಂಶದಲ್ಲಿ ಮಾಡಿದ ಪುಟಗಳು ತಾಮ್ರದ ತಗಡಿನ ಮೇಲೆ ಕೆತ್ತಿದ ಹಾಗೆ ಚಂದವಾಗಿರುತ್ತಿದ್ದವು. ದೊಡ್ಡ ಪ್ರಕಾಶಕರು ಬಹಳ ಕಾಲ ಅದನ್ನು ಬಿಡಲಿಲ್ಲ. ಅದರಲ್ಲಿ ಪ್ರತಿ ಪುಟವೂ ಒಂದು ಬೇರೆ ಫೈಲ್. ಸ್ಮಿತ್ 2013ರಲ್ಲಿ ತೀರಿಕೊಂಡರು. ಈಗ ಒಂದು ಹಳೆಯ ಡಿಸ್ಕಿನಲ್ಲಿ ಇನ್ನೂರು ‘ಎಂ-ಯು-ಎಸ್’ ಫೈಲುಗಳು ಸಿಕ್ಕವು ಎಂದುಕೊಳ್ಳಿ. ಅವು ಇನ್ನೂರು ಕೃತಿಗಳೋ, ಒಂದೇ ಕೃತಿಯ ಇನ್ನೂರು ಪುಟಗಳೋ? ಹೆಸರು ನೋಡಿ ಹೇಳಲಾಗದು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದವರು ಪ್ರೊನಮ್ ಎಂಬ, ಫೈಲ್ ಬಗೆಗಳ ದಾಖಲೆಯನ್ನೂ ಡ್ರಾಯ್ಡ್ ಎಂಬ ಉಪಕರಣವನ್ನೂ ಇಟ್ಟಿರುವುದು ಇಂಥದ್ದಕ್ಕೇ. ಅದು ಹೆಸರನ್ನು ನಂಬದೆ ಫೈಲಿನ ಒಳಗಿನ ಬೈಟುಗಳನ್ನು ನೋಡಿ ಜಾತಕ ಹೇಳುತ್ತದೆ.

ಇದಕ್ಕಿಂತ ಸಿಟ್ಟು ಬರಿಸುವುದು ಸ್ಕಾರ್ಚ್ ಕತೆ. ಸ್ವರಲಿಪಿ ಬರೆಯುವ ಇನ್ನೊಂದು ತಂತ್ರಾಂಶವಾದ ಸಿಬೇಲಿಯಸ್‌ನವರು ಬ್ರೌಸರಿಗೆ ಸೇರಿಸಿಕೊಳ್ಳುವ ಈ ಪ್ಲಗಿನ್ ಕೊಟ್ಟಿದ್ದರು. ಜಾಲತಾಣದಲ್ಲೇ ಸ್ವರಲಿಪಿ ನೋಡಬಹುದಿತ್ತು, ಕೇಳಬಹುದಿತ್ತು, ಶ್ರುತಿ ಬದಲಾಯಿಸಬಹುದಿತ್ತು, ಹಣ ಕೊಟ್ಟು ಮುದ್ರಿಸಿಕೊಳ್ಳಬಹುದಿತ್ತು. ಕೈಗೆ ಫೈಲ್ ಮಾತ್ರ ಸಿಗುತ್ತಿರಲಿಲ್ಲ. ಕಳ್ಳತನ ತಡೆಯಲು ಅದೇ ಒಳ್ಳೆಯ ದಾರಿ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. 2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಆ ಬಗೆಯ ಪ್ಲಗಿನ್‌ಗಳನ್ನೆಲ್ಲ ಹೊರಗೆ ಹಾಕಿದವು. ಕಳ್ಳರು ಒಳಗೆ ಬಾರದ ಹಾಗೆ ಕಟ್ಟಿದ ಗೋಡೆ ಮಾಲೀಕರನ್ನೂ ಹೊರಗಿಟ್ಟಿತು. ಟ್ಯಾಬ್ಲೆಟ್ ಆಪ್‌ನಲ್ಲಿ ತಿಂಗಳ ಚಂದಾ ಕಟ್ಟಿ ಓದುವ ಇಂದಿನ ಸ್ವರಲಿಪಿಗಳ ಬಗ್ಗೆ ನನಗಿರುವ ಅನುಮಾನವೂ ಇದೇ. ವಾದಕಿಯೊಬ್ಬಳು ಮೂರು ವರ್ಷ ಕೂತು ಬರೆದುಕೊಂಡ ಬೆರಳುಗಳ ಗುರುತು, ಬಿಲ್ಲಿನ ಗುರುತು, ಉಸಿರಿನ ಗುರುತು ಚಂದಾ ನಿಂತ ದಿನ ಎಲ್ಲಿರುತ್ತದೆ?

ಹಾಗಾದರೆ ಪಿಡಿಎಫ್ ಸಾಕಲ್ಲವೇ ಎಂದು ಕೇಳುತ್ತೀರಿ. ಪಿಡಿಎಫ್ ಬಗ್ಗೆ ನನಗೆ ಗೌರವವಿದೆ. 1993ರಲ್ಲಿ ಹುಟ್ಟಿದ್ದು, 2008ರಿಂದ ಐಎಸ್‌ಒ ಮಾನಕ. ಅದರಲ್ಲೂ ದೀರ್ಘಕಾಲ ಇಡುವುದಕ್ಕೆಂದೇ 2005ರಲ್ಲಿ ಬಂದ ಪಿಡಿಎಫ್/ಎ ಎಂಬ ಕಟ್ಟುನಿಟ್ಟಿನ ಬಗೆ ಇದೆ. ಫಾಂಟುಗಳೆಲ್ಲ ಒಳಗೇ ಇರಬೇಕು, ಬೀಗ ಹಾಕಿರಬಾರದು, ಹೊರಗಿನ ಯಾವುದನ್ನೂ ನೆಚ್ಚಿಕೊಂಡಿರಬಾರದು ಎಂಬುದು ಅದರ ನಿಯಮ. ನಮ್ಮ ಚೆಲ್ಲೊ ಕೃತಿ ಆ ರೂಪದಲ್ಲಿ ಬಂದಿದ್ದರೆ ನಾನು ಇವತ್ತು ಬೇರೆ ವಿಷಯ ಮಾತಾಡುತ್ತಿದ್ದೆ. ಅನೇಕ ತಂತ್ರಾಂಶಗಳಲ್ಲಿ ಅದು ಉಳಿಸುವಾಗ ಹಾಕಬೇಕಾದ ಒಂದು ಟಿಕ್ ಗುರುತು, ಅಷ್ಟೇ.

ಆದರೆ ಪಿಡಿಎಫ್ ಉಳಿಸುವುದು ಪುಟದ ರೂಪವನ್ನು. ಇಲ್ಲೊಂದು ಕಪ್ಪು ಗುಂಡು, ಅಲ್ಲೊಂದು ಗೆರೆ ಎಂದು ಅದಕ್ಕೆ ಗೊತ್ತು. ಅದು ಯಾವ ಸ್ವರ, ಎಷ್ಟು ಹೊತ್ತು, ಆ ಕಮಾನು ಯಾವ ಸ್ವರದಿಂದ ಯಾವ ಸ್ವರಕ್ಕೆ ಎಂದು ಗೊತ್ತಿಲ್ಲ. ಕ್ಲಾರಿನೆಟ್ ಪಾರ್ಟನ್ನು ಬೇರೆ ಶ್ರುತಿಯ ಕ್ಲಾರಿನೆಟ್‌ಗೆ ಬದಲಿಸಬೇಕು, ದೃಷ್ಟಿ ಮಂದವಾದವರಿಗೆ ದೊಡ್ಡದಾಗಿ ಮುದ್ರಿಸಬೇಕು, ಸ್ಕೋರಿನಿಂದ ಕಳೆದುಹೋದ ಪಾರ್ಟನ್ನು ಮತ್ತೆ ತೆಗೆಯಬೇಕು, ಕಣ್ಣಿಲ್ಲದ ವಾದಕರಿಗೆ ಬ್ರೈಲ್ ಸ್ವರಲಿಪಿ ಮಾಡಿಕೊಡಬೇಕು ಎಂದರೆ ರೂಪ ಸಾಲದು, ಅರ್ಥ ಬೇಕು. ರೂಪ ಮತ್ತು ಅರ್ಥ ಬೇರೆ ಬೇರೆ ಡಬ್ಬಿಗಳಲ್ಲಿ ಇರುತ್ತವೆ, ಎರಡನ್ನೂ ಇಡಬೇಕು. ನಾನು ಇವತ್ತು ಹೇಳಲು ಬಂದದ್ದು ಇದನ್ನೇ. ಎರಡನೆಯ ಡಬ್ಬಿಯನ್ನು ತುಂಬಲು ಸಾಧ್ಯವಾಗುವುದು ಒಂದೇ ದಿನ, ಕೃತಿ ಪ್ರಕಟವಾಗುವ ದಿನ. ಅಂದು ಮೂಲ ಫೈಲ್ ತೆರೆದಿರುತ್ತದೆ, ತಂತ್ರಾಂಶ ಬದುಕಿರುತ್ತದೆ, ಬರೆದವರು ಎದುರಿಗೇ ಇರುತ್ತಾರೆ. ಇಪ್ಪತ್ತು ವರ್ಷದ ನಂತರ ನನ್ನ ಮೇಜಿಗೆ ಬರುವ ಹೊತ್ತಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಅರ್ಥದ ಡಬ್ಬಿ ಎಂದರೆ ಬಹಳ ಜನ ಮಿಡಿ ಫೈಲ್ ತಂದುಕೊಡುತ್ತಾರೆ. ದಯವಿಟ್ಟು ಅದೊಂದನ್ನೇ ಕೊಡಬೇಡಿ. ವಿದ್ಯುನ್ಮಾನ ವಾದ್ಯಗಳನ್ನೂ ಕಂಪ್ಯೂಟರನ್ನೂ ಬೆಸೆಯುವ ಮಿಡಿ 1983ರದ್ದು, ಇನ್ನೂ ಗಟ್ಟಿಯಾಗಿದೆ, ಆದರೆ ಅದು ಕೀಲಿಗಳ ಲೆಕ್ಕ ಇಡುತ್ತದೆ, ಬರವಣಿಗೆಯ ಲೆಕ್ಕ ಅಲ್ಲ. ಮಧ್ಯದ ಸಿ ಅದಕ್ಕೆ 60. ಅದರ ಪಕ್ಕದ ಕಪ್ಪು ಕೀಲಿ 61. ನೀವು ಅದನ್ನು ಸಿ ಶಾರ್ಪ್ (ಸಿಗಿಂತ ಅರ್ಧ ಮೆಟ್ಟಿಲು ಮೇಲೆ) ಎಂದು ಬರೆದಿದ್ದಿರೋ ಡಿ ಫ್ಲಾಟ್ (ಡಿಗಿಂತ ಅರ್ಧ ಮೆಟ್ಟಿಲು ಕೆಳಗೆ) ಎಂದು ಬರೆದಿದ್ದಿರೋ, ಮಿಡಿಗೆ ಎರಡೂ 61. ಪಿಯಾನೊದಲ್ಲಿ ಒತ್ತುವ ಕೀಲಿ ಒಂದೇ ಎನ್ನಬಹುದು. ಪಿಟೀಲು ನುಡಿಸುವವರನ್ನು ಕೇಳಿ, ಎರಡೂ ಒಂದೇ ಎಂದರೆ ಅವರ ಮುಖ ನೋಡಿ.

ಅದೇ ಸ್ವರ, ಸ್ವರಲಿಪಿಯ ಅರ್ಥವನ್ನು ಓದಬಲ್ಲ ಪಠ್ಯವಾಗಿ ಬರೆದಿಡುವ ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಹೇಗಿರುತ್ತದೆ ಎಂದು ತೋರಿಸುತ್ತೇನೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ‘ಸ್ಟೆಪ್’ ಎಂಬ ಗುರುತಿನೊಳಗೆ ಸಿ ಎಂದಿದೆ. ಅದರ ಕೆಳಗೆ ‘ಆಲ್ಟರ್’, ಒಳಗೆ 1. ಅಂದರೆ ಅರ್ಧ ಮೆಟ್ಟಿಲು ಮೇಲೆ. ಅದರ ಕೆಳಗೆ ‘ಆಕ್ಟೇವ್’, ಒಳಗೆ 4. ಡಿ ಫ್ಲಾಟ್ ಆಗಿದ್ದರೆ ಸ್ಟೆಪ್ ಡಿ ಆಗಿ, ಆಲ್ಟರ್ 1ರ ಹಿಂದೆ ಮೈನಸ್ ಬರುತ್ತಿತ್ತು. ಯಾವ ತಂತ್ರಾಂಶವೂ ಇಲ್ಲದೆ, ತಾಳ್ಮೆಯೊಂದಿದ್ದರೆ, ಕಾಗದ ಪೆನ್ಸಿಲ್ ಹಿಡಿದು ಮನುಷ್ಯರೇ ಈ ಸಂಗೀತವನ್ನು ಮತ್ತೆ ಬರೆಯಬಹುದು. ದೀರ್ಘಕಾಲ ಉಳಿಯುವ ರೂಪ ಯಾವುದು ಎಂದು ಕೇಳಿದರೆ ನನ್ನ ಪರೀಕ್ಷೆ ಇಷ್ಟೇ: ಅದನ್ನು ಮಾಡಿದ ತಂತ್ರಾಂಶ ಸತ್ತ ಮೇಲೂ ಅದನ್ನು ಓದಲು ಬರುತ್ತದೆಯೇ?

ಇದರ ಚರಿತ್ರೆಯೂ ಒಂದು ಪಾಠದಂತಿದೆ. ಮೈಕಲ್ ಗುಡ್ ಎಂಬವರು ತಮ್ಮ ರಿಕಾರ್ಡರೆ ಎಂಬ ಸಣ್ಣ ಕಂಪನಿಯಲ್ಲಿ ಇದನ್ನು ರೂಪಿಸಿದರು. ಮೊದಲ ಅಧಿಕೃತ ಆವೃತ್ತಿ 2004ರಲ್ಲಿ ಬಂತು. 2011ರಲ್ಲಿ ಮೇಕ್‌ಮ್ಯೂಸಿಕ್ ಅದನ್ನು ಕೊಂಡಿತು. ಹೌದು, ಫಿನಾಲೆಯನ್ನು ನಿಲ್ಲಿಸಿದ ಅದೇ ಸಂಸ್ಥೆ. ಆದರೆ 2015ರಲ್ಲೇ ಮ್ಯೂಸಿಕ್‌ಎಕ್ಸ್‌ಎಂಎಲ್‌ನ ಉಸ್ತುವಾರಿ ಜಾಲದ ಮಾನಕಗಳನ್ನು ನೋಡಿಕೊಳ್ಳುವ ಡಬ್ಲ್ಯು3ಸಿ ಒಕ್ಕೂಟದ ಸಮುದಾಯ ಗುಂಪಿಗೆ ಹೋಗಿತ್ತು. ಹಾಗಾಗಿ ಫಿನಾಲೆ ನಿಂತರೂ ಅದು ನಿಲ್ಲಲಿಲ್ಲ. ಇವತ್ತು ಹೊಸದಾಗಿ ಮಾಡಿದ ಫೈಲುಗಳ ತಲೆಬರಹದಲ್ಲೂ ಹೆಚ್ಚಾಗಿ ರಿಕಾರ್ಡರೆ ಎಂಬ ಹೆಸರು ಕಾಣುತ್ತದೆ. ಕಂಪನಿ ಹೋಗಿ ಎಷ್ಟೋ ಕಾಲವಾಯಿತು.

ಇನ್ನೊಂದು ರೂಪ ಎಂಇಐ, ವರ್ಜೀನಿಯಾ ವಿಶ್ವವಿದ್ಯಾಲಯದ ಪೆರಿ ರೋಲ್ಯಾಂಡ್ ಆರಂಭಿಸಿದ್ದು. ಪಾಠಾಂತರಗಳು, ಸಂಪಾದಕರ ತಿದ್ದುಪಡಿಗಳು, ಇದು ಯಾವ ಪ್ರತಿಯಿಂದ ಬಂತು ಎಂಬುದನ್ನೆಲ್ಲ ಹಿಡಿದಿಡಲು ಅದಕ್ಕಿಂತ ಒಳ್ಳೆಯದಿಲ್ಲ. ಸಂಶೋಧಕರಿಗೆ ನಾನು ಅದನ್ನೇ ಹೇಳುತ್ತೇನೆ. ಸಂಯೋಜಕರಿಗೆ ಹೇಳುವುದಿಲ್ಲ, ಹೇಳಿದರೆ ಎರಡನ್ನೂ ಮಾಡದೆ ಬಿಡುತ್ತಾರೆ. ಲಿಲಿಪಾಂಡ್ ಎಂಬ ತಂತ್ರಾಂಶ ಬಳಸುವವರಿಗೆ ಅರ್ಧ ಚಿಂತೆ ಇಲ್ಲ, ಅವರ ಮೂಲ ಫೈಲೇ ಬರೀ ಪಠ್ಯ. ಯಾವ ಆವೃತ್ತಿಯಲ್ಲಿ ಬರೆದದ್ದೆಂದು ಮೊದಲ ಸಾಲಿನಲ್ಲಿ ನಮೂದಿಸಿದರೆ ಸಾಕು.

ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಕಳಿಸುವುದು ಗುಂಡಿ ಒತ್ತಿ ಎದ್ದು ಹೋಗುವ ಕೆಲಸವಲ್ಲ. ಕಳಿಸಿದ ಫೈಲನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಪಿಡಿಎಫ್ ಪಕ್ಕದಲ್ಲಿಟ್ಟು ನೋಡಬೇಕು. ಸ್ವರಗಳು, ಕಾಲಾವಧಿ ಸಾಮಾನ್ಯವಾಗಿ ಸರಿಯಾಗಿ ಬರುತ್ತವೆ. ಎಡವುವುದು ಎರಡು ಸಾಲುಗಳ ನಡುವೆ ದಾಟುವ ಕಡ್ಡಿಗಳಲ್ಲಿ, ಪರ್ಯಾಯವಾಗಿ ಮೇಲೆ ಬರೆದ ಪುಟ್ಟ ಸಾಲುಗಳಲ್ಲಿ, ತಾಳದ ವಿಭಾಗಗಳ (ಬಾರ್) ಗೆರೆಯೇ ಇಲ್ಲದೆ ಬರೆದ ಸಂಗೀತದಲ್ಲಿ. ಎಲ್ಲಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಒಬ್ಬರು ಕಮಾನುಗಳನ್ನು ಕಮಾನಿನ ಉಪಕರಣದಿಂದ ಹಾಕುವ ಬದಲು ಚಿತ್ರ ಬರೆಯುವ ಉಪಕರಣದಿಂದ ಎಳೆದಿದ್ದರು. ಹಾಗೆ ಎಳೆದರೆ ಚಂದ ಬರುತ್ತದಂತೆ. ಪಿಡಿಎಫ್‌ನಲ್ಲಿ ಬಹಳ ಚಂದವಿತ್ತು. ಮ್ಯೂಸಿಕ್‌ಎಕ್ಸ್‌ಎಂಎಲ್‌ನಲ್ಲಿ ಇಡೀ ಕೃತಿಯಲ್ಲಿ ಒಂದೂ ಕಮಾನು ಇರಲಿಲ್ಲ. ತಂತ್ರಾಂಶದ ಕಣ್ಣಿಗೆ ಅವು ಸಂಗೀತವೇ ಆಗಿರಲಿಲ್ಲ, ಬರೀ ಗೀಟುಗಳು.

ಎರಡು ಡಬ್ಬಿಗಳನ್ನು ಬೇರೆ ಬೇರೆ ಇಡಬೇಕಾಗಿಯೂ ಇಲ್ಲ. 2012ರಲ್ಲಿ ಬಂದ ಪಿಡಿಎಫ್/ಎ-3 ಎಂಬ ಬಗೆಯಲ್ಲಿ ಪಿಡಿಎಫ್ ಒಳಗೇ ಬೇರೆ ಫೈಲನ್ನು ಲಗತ್ತಿಸಬಹುದು. ಲಕೋಟೆಯೊಳಗೆ ಇನ್ನೊಂದು ಚೀಟಿ ಇಟ್ಟ ಹಾಗೆ. ನನಗೆ ಈ ಉಪಾಯ ಇಷ್ಟ, ಯಾಕೆಂದರೆ ಜೊತೆಗಿರಬೇಕಾದ ಫೈಲುಗಳು ಜೊತೆ ತಪ್ಪುವುದನ್ನು ಬಹಳ ಕಂಡಿದ್ದೇನೆ.

ಇನ್ನು ಆವೃತ್ತಿ. ಹಳೆಯ ಮುದ್ರಿತ ಸಂಗೀತದ ಪುಟಗಳ ಕೆಳಗೆ ಪ್ಲೇಟ್ ಸಂಖ್ಯೆ ಎಂಬುದೊಂದು ಇರುತ್ತಿತ್ತು. ಕೆತ್ತಿದ ತಗಡುಗಳು ಬೆರೆತುಹೋಗದಿರಲಿ ಎಂದು ಅಚ್ಚುಕೂಟದವರು ತಮ್ಮ ಅನುಕೂಲಕ್ಕೆ ಹಾಕಿಕೊಂಡದ್ದು. ಆದರೆ ತಾರೀಖಿಲ್ಲದ ಎಷ್ಟೋ ಮುದ್ರಣಗಳ ಕಾಲವನ್ನು ವಿದ್ವಾಂಸರು ಕಂಡುಹಿಡಿದದ್ದು ಅದರಿಂದ. ಇವತ್ತಿನ ಪಿಡಿಎಫ್‌ನಲ್ಲಿ ಹದಿನೇಳನೆಯ ವಿಭಾಗದಲ್ಲಿ ಫ್ಲಾಟ್ ತಪ್ಪಿದೆ ಎಂದು ವಾದಕರು ಮಿಂಚಂಚೆ ಕಳಿಸುತ್ತಾರೆ; ಸಂಯೋಜಕರು ಸರಿಪಡಿಸಿ ಅದೇ ಹೆಸರಿನ ಫೈಲನ್ನು ಅದೇ ಜಾಗದಲ್ಲಿ ಇಡುತ್ತಾರೆ. ತಪ್ಪು ಹೋಯಿತು, ಸಂತೋಷ. ಆದರೆ ಹಳೆಯದನ್ನು ಕೊಂಡವರ ಬಳಿ ಒಂದು, ಹೊಸಬರ ಬಳಿ ಇನ್ನೊಂದು, ಎರಡರ ಮುಖವೂ ಒಂದೇ. ಅಭ್ಯಾಸದ ದಿನ ಅವರಿಬ್ಬರೂ ಪಕ್ಕಪಕ್ಕ ಕೂರುತ್ತಾರೆ. ಸಂಗೀತದ ಹಾಳೆಗಳಿಗೆ 979-0 ಎಂದು ಶುರುವಾಗುವ ಐಎಸ್‌ಎಂಎನ್ ಎಂಬ ಸಂಖ್ಯೆಯ ಏರ್ಪಾಡು ಇದೆ. ಸ್ವಂತವಾಗಿ ಪ್ರಕಟಿಸುವ ಹೆಚ್ಚಿನವರಿಗೆ ಅದರ ಸುದ್ದಿಯೇ ಇಲ್ಲ. ಸಂಖ್ಯೆ ಬೇಡವಾದರೆ ಬೇಡ. ಮೊದಲ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ, ತಿದ್ದಿದ ತಾರೀಖನ್ನಾದರೂ ಹಾಕಿ. ಕೊಂಡವರ ಹೆಸರನ್ನು ಪ್ರತಿ ಪುಟದಲ್ಲೂ ಮುದ್ರಿಸುವವರಿಗೆ ತಾರೀಖು ಹಾಕಲು ಜಾಗ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಗ್ರಂಥಾಲಯಗಳು ನೋಡಿಕೊಳ್ಳುತ್ತವೆ ಎಂಬ ನಂಬಿಕೆಯ ಬಗ್ಗೆ ಎರಡು ಮಾತು. ಬ್ರಿಟನ್ನಿನಲ್ಲಿ 2013ರ ಏಪ್ರಿಲ್ 6ರಿಂದ ಡಿಜಿಟಲ್ ಪ್ರಕಟಣೆಗಳನ್ನೂ ಕಡ್ಡಾಯ ಠೇವಣಿಯ, ಅಂದರೆ ಪ್ರಕಾಶಕರು ಗ್ರಂಥಾಲಯಗಳಿಗೆ ಪ್ರತಿ ಕೊಡಬೇಕೆಂಬ ಕಾನೂನಿನ, ವ್ಯಾಪ್ತಿಗೆ ತಂದರು. ಆರು ಗ್ರಂಥಾಲಯಗಳಿಗೆ ಅವನ್ನು ಪಡೆಯುವ ಹಕ್ಕಿದೆ. ಓದಬೇಕಾದರೆ ಗ್ರಂಥಾಲಯದ ಒಳಗೇ ಕೂತು ಓದಬೇಕು, ಒಂದು ಗ್ರಂಥಾಲಯದಲ್ಲಿ ಒಂದು ಹೊತ್ತಿಗೆ ಒಬ್ಬರೇ. ಕಾನೂನಾಗಿ ಒಳ್ಳೆಯ ಹೆಜ್ಜೆ. ನಾಲ್ಕು ಜನ ಒಟ್ಟಿಗೆ ನುಡಿಸುವ ಕೃತಿಗೆ ‘ಒಂದು ಹೊತ್ತಿಗೆ ಒಬ್ಬರೇ’ ಎಂಬುದು ತಮಾಷೆಯಾಗಿ ಕಾಣುತ್ತದೆ, ಇರಲಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದು ಅಲ್ಲಿನ ಡಿಜಿಟಲ್ ಸೇವೆಗಳು ಬಹಳ ಕಾಲ ನಿಂತುಹೋದವು. ಇಡಲ್ಪಟ್ಟಿರುವುದು ಬೇರೆ, ಕೈಗೆ ಸಿಗುವುದು ಬೇರೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಾಯಿತು.

ಜನರೇ ಕಟ್ಟಿದ ಸಂಗ್ರಹಗಳ ಕತೆಯೂ ಸಲೀಸಲ್ಲ. ಹಕ್ಕು ಮುಗಿದ ಕೃತಿಗಳನ್ನು ಸೇರಿಸಿಡುವ ಐಎಂಎಸ್‌ಎಲ್‌ಪಿ ತಾಣ 2006ರಲ್ಲಿ ಕೆನಡಾದಲ್ಲಿ ಒಬ್ಬ ವಿದ್ಯಾರ್ಥಿಯಿಂದ ಆರಂಭವಾಯಿತು. ಅಲ್ಲಿ ಆಗ ಲೇಖಕರು ತೀರಿಕೊಂಡ 50 ವರ್ಷಕ್ಕೆ ಹಕ್ಕು ಮುಗಿಯುತ್ತಿತ್ತು, ಯುರೋಪಿನಲ್ಲಿ 70. ಯುರೋಪಿನ ಪ್ರಕಾಶನ ಸಂಸ್ಥೆಯೊಂದರ ವಕೀಲರ ಪತ್ರ ಬಂದದ್ದೇ 2007ರ ಅಕ್ಟೋಬರ್‌ನಲ್ಲಿ ಇಡೀ ತಾಣ ಮುಚ್ಚಿತು. ಮತ್ತೆ ತೆರೆದದ್ದು 2008ರ ಜೂನ್ ಕೊನೆಯಲ್ಲಿ. ಒಂದು ಪತ್ರಕ್ಕೆ ಎಂಟು ತಿಂಗಳು. ಪ್ರತಿಗಳು ಬೇರೆ ಬೇರೆ ಕಡೆ, ಬೇರೆ ಬೇರೆಯವರ ಕೈಯಲ್ಲಿ ಇರಲಿ ಎಂದು ನಾವು ಬಡಿದುಕೊಳ್ಳುವುದು ಡಿಸ್ಕ್ ಕೆಡುತ್ತದೆ ಎಂಬ ಒಂದೇ ಭಯದಿಂದಲ್ಲ.

ಎಲೆಕ್ಟ್ರಾನಿಕ್ಸ್ ಜೊತೆಗೂಡಿದ ಕೃತಿಗಳ ವಿಚಾರಕ್ಕೆ ಇಳಿದರೆ ಈ ಸಂಜೆ ಸಾಲದು. ಫ್ರೆಂಚ್ ಸಂಯೋಜಕ ಪಿಯೇರ್ ಬೂಲೆಜ್ ಅವರ ‘ರೆಪೊನ್’ 1981ರಲ್ಲಿ ಮೊದಲು ಕೇಳಿಬಂದಾಗ ಧ್ವನಿಯನ್ನು ಆ ಕ್ಷಣದಲ್ಲೇ ಬದಲಿಸುವ 4ಎಕ್ಸ್ ಎಂಬ ಯಂತ್ರ ಅದರ ಜೊತೆಗಿತ್ತು. ಯಂತ್ರ ಹಳತಾದ ಹಾಗೆ ಕೃತಿಯನ್ನು ಹೊಸ ಯಂತ್ರಗಳಿಗೆ ದಾಟಿಸುತ್ತಾ ಬಂದಿದ್ದಾರೆ. ಅದಕ್ಕೆ ಒಂದು ದೊಡ್ಡ ಸಂಸ್ಥೆಯ ಬೆನ್ನು ಇತ್ತು. ನಿಮ್ಮ ಸ್ಕೋರಿನಲ್ಲಿ ‘ಇಲ್ಲಿ ಪೆಡಲ್ ಒತ್ತಿ’ ಎಂದಿದ್ದರೆ, ಒತ್ತಿದಾಗ ಏನು ಕೇಳಬೇಕು ಎಂಬುದನ್ನು ಒಂದು ಧ್ವನಿಮುದ್ರಿಕೆಯಲ್ಲೂ ನಾಲ್ಕು ಸಾಲಿನ ವಿವರಣೆಯಲ್ಲೂ ಇಡಿ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯ ಸಂಯೋಜಕರೊಬ್ಬರು ಎದ್ದರು. ‘ಇಷ್ಟೆಲ್ಲ ಯಾಕೆ? ಒಳ್ಳೆಯ ಕಾಗದದ ಮೇಲೆ ಒಂದು ಪ್ರತಿ ಮುದ್ರಿಸಿ ಇಟ್ಟರೆ ಸಾಲದೇ?’

ಇಡಿ ಸರ್, ಖಂಡಿತ ಇಡಿ ಎಂದೆ. ಆಮ್ಲವಿಲ್ಲದ ಕಾಗದದಲ್ಲಿ ಮುದ್ರಿಸಿದ ಒಂದು ಪ್ರತಿ ನಾನು ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ಅಪಾಯವನ್ನು ತಪ್ಪಿಸುತ್ತದೆ. ಆದರೆ ಅದೂ ರೂಪದ ಡಬ್ಬಿಯೇ. ಅದರಿಂದ ಅರ್ಥವನ್ನು ಮತ್ತೆ ತೆಗೆಯಬೇಕಾದರೆ ಸ್ಕ್ಯಾನ್ ಮಾಡಿ ಯಂತ್ರಕ್ಕೆ ಓದಿಸಬೇಕು, ಯಂತ್ರ ಓದಿದ್ದನ್ನು ಮನುಷ್ಯರು ವಿಭಾಗ ವಿಭಾಗವಾಗಿ ತಿದ್ದಬೇಕು. ಇಂದು ನಿಮಗೆ ಹತ್ತು ನಿಮಿಷದ ಕೆಲಸ, ಅಂದು ಇನ್ನೊಬ್ಬರಿಗೆ ಹತ್ತು ದಿನದ ಕೆಲಸ. ಅವರು ‘ಹತ್ತು ನಿಮಿಷ ಅಂತ ನೀವು ಹೇಳುತ್ತೀರಿ’ ಎಂದು ನಕ್ಕು ಕೂತರು. ನಿಜ ಹೇಳಬೇಕೆಂದರೆ ಅರ್ಧ ಗಂಟೆ.

ಎರಡನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ‘ಆ ‘ಕೆ’ ಏನಾಯಿತು?’

ಅದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ. ಸಂಯೋಜಕರು ಫಾಂಟ್ ತಿದ್ದುವ ತಂತ್ರಾಂಶ ಹಿಡಿದು ತಾವೇ ಒಂದು ಹೊಸ ಚಿಹ್ನೆಯನ್ನು ಬರೆದು, ಖಾಲಿ ಇದ್ದ ‘ಕೆ’ಯ ಮನೆಯಲ್ಲಿ ಕೂರಿಸಿದ್ದರು. ಆ ಫಾಂಟ್ ಇದ್ದದ್ದು ಪ್ರಪಂಚದಲ್ಲಿ ಒಂದೇ ಕಂಪ್ಯೂಟರಿನಲ್ಲಿ. ಚಿಹ್ನೆಯ ವಿವರಣೆ ಬೇರೆ ಫೈಲಿನಲ್ಲಿತ್ತು, ಅದು ನಮಗೆ ಬಂದಿರಲಿಲ್ಲ. ಅವರನ್ನೇ ಫೋನಿನಲ್ಲಿ ಕೇಳಿದೆ. ನಾಲ್ಕನೆಯ ಸಾಲನ್ನು ಓದಿ ಹೇಳಿಸಿಕೊಂಡರು, ಒಂದಷ್ಟು ಹೊತ್ತು ಸುಮ್ಮನಿದ್ದರು, ನೆನಪಾಗುತ್ತಿಲ್ಲ ಎಂದರು. ಮೊದಲ ಪ್ರದರ್ಶನದಲ್ಲಿ ನುಡಿಸಿದವರನ್ನು ಹುಡುಕಿದೆವು. ಅವರು ವಾದನ ಬಿಟ್ಟು ವರ್ಷಗಳಾಗಿದ್ದವು, ಆದರೆ ಅಂದು ಮುದ್ರಿಸಿಕೊಂಡ ಹಾಳೆಗಳನ್ನು ಎಸೆದಿರಲಿಲ್ಲ. ಅಲ್ಲಿ ಚಿಹ್ನೆ ಸರಿಯಾಗಿಯೇ ಮುದ್ರಣವಾಗಿತ್ತು: ಒಂದು ಅಡ್ಡಗೆರೆ, ಅದರ ಪಕ್ಕ ಬಾಣ. ನೋಡಿ ನಮಗೆ ಅರ್ಥವೇನೂ ಆಗಲಿಲ್ಲ. ಅಂಚಿನಲ್ಲಿ ಮಾತ್ರ ಪೆನ್ಸಿಲಿನಲ್ಲಿ, ಅವಸರದ ಕೈಬರಹದಲ್ಲಿ ಬರೆದುಕೊಂಡಿದ್ದರು (ಕುದುರೆ ಎಂದರೆ ವಾದ್ಯದ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು): ‘ಬಿಲ್ಲು ಕುದುರೆಯ ಹತ್ತಿರ, ಒತ್ತಬೇಡ.’